ಗೋದಾವರಿಯ ತೀರದಲ್ಲಿ ಗಂಧವಿಚಾರ

1

ಕನ್ನಡ ನಾಡಿನ ಉತ್ತರದ ಮೇರೆ ಗೋದಾವರಿ ಎಂದು 'ಕವಿರಾಜಮಾರ್ಗ'ವು ಹೇಳಿರುವುದು ಪರಸ್ಥಳದಲ್ಲಿ ನೆಲೆಸಿರುವ ಕನ್ನಡಿಗರಿಗೆ ವಿದಿತವಾದ ಸಂಗತಿಯೇ ಆಗಿದೆ. ಕ್ರಿ. ಶ. 9ನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಆ ಗ್ರಂಥವು ಹೆಸರಿಸುವ ನದಿಯ ಉಗಮವಿರುವುದು ನಾಸಿಕದ ಸಮೀಪದ ತ್ರ್ಯಂಬಕದಲ್ಲಿ. ಅಲ್ಲಿಂದ ಪೂರ್ವಾಭಿಮುಖವಾಗಿ ಹರಿದ ನದಿಯು ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣವನ್ನು, ಎಂದರೆ ಸಾತವಾಹನರ ಪ್ರತಿಷ್ಠಾನವನ್ನು, ಸೇರುತ್ತದೆ. 2023ರವರೆಗೆ ಔರಂಗಾಬಾದ್ ಎಂಬ ಹೆಸರಿದ್ದ ಈ ಜಿಲ್ಲೆಯಲ್ಲಿಯೇ ರಾಷ್ಟ್ರಕೂಟ ಒಂದನೆಯ ಕೃಷ್ಣನ ಹೆಸರಿನೊಡನೆ ಸೇರಿದ ಎಲ್ಲೋರದ ಕೈಲಾಸ ದೇವಾಲಯವಿದೆ. ಕನ್ನಡದಲ್ಲಿ ಶಾಸನಗಳನ್ನು ಬರೆಯಿಸಿದ ಸೇವುಣರ ದೇವಗಿರಿಯೂ ಇದೆ. ನಾಸಿಕದ ಕಡೆಯ ವಣಿ, ದಿಂಡೋರಿಗಳ ಹೆಸರು ರಾಷ್ಟ್ರಕೂಟರ ತಾಮ್ರಶಾಸನಗಳಿಂದ ಪ್ರಸಿದ್ಧವಾಗಿದೆ.

ಈ ಪ್ರದೇಶದ ರಾಜಕೀಯ ಇತಿಹಾಸವೂ ಶಿಲ್ಪದ ಇತಿಹಾಸವೂ ಸಾಕಷ್ಟು ಬರೆಯಲ್ಪಟ್ಟಿವೆ. ಆದರೆ ಕಣ್ಣಿಗೆ ಕಾಣದೆ, ಕಲ್ಲಿನಲ್ಲಿ ನಿಲ್ಲದೆ, ಹುಟ್ಟಿದ ಗಳಿಗೆಯಲ್ಲಿಯೇ ಗಾಳಿಗೆ ಸಲ್ಲುವ ಗಂಧದ ವಿಷಯವಾಗಿ ಇಲ್ಲಿನ ಜನ ಏನನ್ನು ಬಲ್ಲವರಾಗಿದ್ದರು, ಏನನ್ನು ಅರಿಯದೆ ಇದ್ದರು ಎಂಬ ಪ್ರಶ್ನೆಗೆ ಅಷ್ಟು ಗಮನ ಸಂದಿಲ್ಲ. ಮೂಗಿನೊಳಗಿನ ಗ್ರಾಹಕಗಳು ಗಂಧದ ಅಣುಗಳನ್ನು ಹಿಡಿಯುವ ಬಗೆಯನ್ನು ಅರಿತು, ಅದೇ ಗ್ರಾಹಕಗಳಿಂದ ಅಳತೆಯ ಉಪಕರಣಗಳನ್ನು ಮಾಡಲು ವಿಜ್ಞಾನಿಗಳು ಯತ್ನಿಸುತ್ತಿರುವ ಈ ಕಾಲದಲ್ಲಿ ಆ ಪ್ರಶ್ನೆಯನ್ನು ಎತ್ತುವುದು ಉಚಿತವಾಗಿದೆ. ಹಾಗೆ ಎತ್ತುವಾಗ ಎರಡು ತಪ್ಪುಗಳಿಗೆ ಎಡೆಯುಂಟು. ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತೆಂದು ಹೊಗಳುವುದು ಒಂದು; ಪ್ರಯೋಗಶಾಲೆ ಹುಟ್ಟುವವರೆಗೆ ಯಾರಿಗೂ ಏನೂ ತಿಳಿದಿರಲಿಲ್ಲವೆಂದು ತಳ್ಳಿಹಾಕುವುದು ಇನ್ನೊಂದು. ಇವೆರಡರಿಂದಲೂ ದೂರ ನಿಂತು ವಿಷಯವನ್ನು ಪರಿಶೀಲಿಸಬಹುದು.

2

ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿ 'ಕನ್ನಡ' ಎಂಬ ಹೆಸರಿನದೇ ಒಂದು ತಾಲ್ಲೂಕು ಇದೆ. ಆ ಕಡೆಯ ಸಾತಮಾಳ ಬೆಟ್ಟಸಾಲಿನ ಕಣಿವೆಯೊಂದರಲ್ಲಿ ಪಿತಳಖೋರಾ ಎಂಬ ಬೌದ್ಧ ಗುಹೆಗಳಿವೆ. ಕ್ರಿಸ್ತಪೂರ್ವದ ಶತಮಾನಗಳಿಗೆ ಸೇರಿದ ಇವು ದಕ್ಷಿಣಾಪಥದ ಅತಿ ಹಳೆಯ ಗುಹೆಗಳ ಸಾಲಿನಲ್ಲಿ ನಿಲ್ಲುತ್ತವೆ. ಇಲ್ಲಿನ ಚೈತ್ಯದ ಕಂಬವೊಂದರ ಮೇಲೆ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ, ಒಂದು ಚಿಕ್ಕ ದಾನಲೇಖವಿದೆ. ಪ್ರತಿಷ್ಠಾನದ ಮಿತದೇವ ಎಂಬವನು, ಗಂಧಿಕರ ಕುಲಕ್ಕೆ ಸೇರಿದವನು, ಈ ಕಂಬವನ್ನು ದಾನವಾಗಿ ಕೊಟ್ಟನೆಂಬುದು ಅದರ ತಾತ್ಪರ್ಯ. ಗಂಧಿಕನೆಂದರೆ ಸುಗಂಧದ್ರವ್ಯಗಳನ್ನು ಕೂಡಿಸಿ ಮಾರುವವನು. ಇಂತಹ ಇನ್ನೊಬ್ಬ ಗಂಧಿಕ, ಧೇನುಕಾಕಟದ ಸಿಂಹದತ್ತ, ಕಾರ್ಲೆಯ ಗುಹೆಯ ಬಾಗಿಲಿಗೆ ದಾನವಿತ್ತಿದ್ದಾನೆ.

ಲೇಖ ಚಿಕ್ಕದಾದರೂ ಅದರಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಗಂಧದ ಕೆಲಸ ಆಗಲೇ ಒಂದು ಕುಲದ ವೃತ್ತಿಯಾಗಿ, ತಂದೆಯಿಂದ ಮಗನಿಗೆ ಬರುವ ವಿದ್ಯೆಯಾಗಿ ನಿಂತಿತ್ತು. ಕಲ್ಲಿನ ಕಂಬವೊಂದರ ವೆಚ್ಚವನ್ನು ಹೊರುವಷ್ಟು ಲಾಭ ಅದರಲ್ಲಿತ್ತು. ಆ ವೃತ್ತಿಯ ಹೆಸರನ್ನು ಹೇಳಿಕೊಳ್ಳುವುದು ಗೌರವದ ಮಾತಾಗಿತ್ತು. ಅದೇ ಜಿಲ್ಲೆಯ ಅಜಂತೆಯಲ್ಲಿ, 17ನೆಯ ಗುಹೆಯ ಶಾಸನವು ಬುದ್ಧನ ಸನ್ನಿಧಿಯ ಮಂದಿರವನ್ನು 'ಗಂಧಕುಟಿ' ಎಂದು ಕರೆದಿದೆ. ಧೂಪ ಪುಷ್ಪಗಳ ಪರಿಮಳವನ್ನು ಬಿಟ್ಟು ಆ ಕಾಲದ ಪೂಜಾಸ್ಥಾನವನ್ನು ಊಹಿಸುವುದೂ ಕಷ್ಟ.

ನಾಸಿಕದ ಪಾಂಡವಲೇಣಿಯ ಶಾಸನಗಳು ಇನ್ನೊಂದು ಬದಿಯಿಂದ ಬೆಳಕು ಬೀರುತ್ತವೆ. ಕ್ಷಹರಾತ ನಹಪಾನನ ಅಳಿಯ ಉಷವದಾತನು ಗೋವರ್ಧನದ ನೇಕಾರರ ಶ್ರೇಣಿಗಳಲ್ಲಿ 3000 ಕಾರ್ಷಾಪಣಗಳನ್ನು ಶಾಶ್ವತ ಠೇವಣಿಯಾಗಿ ಇಟ್ಟನು. 2000ಕ್ಕೆ ತಿಂಗಳಿಗೆ ನೂರಕ್ಕೆ ಒಂದು, 1000ಕ್ಕೆ ನೂರಕ್ಕೆ ಮುಕ್ಕಾಲು ಬಡ್ಡಿ. ಮುಂದೆ ಆಭೀರ ಈಶ್ವರಸೇನನ ಕಾಲದಲ್ಲಿ, ರೋಗಿಗಳಾದ ಭಿಕ್ಷುಗಳ ಔಷಧಕ್ಕಾಗಿ ಇಟ್ಟ ಹಣದ ಒಂದು ಭಾಗ ಎಳ್ಳೆಣ್ಣೆ ತೆಗೆಯುವ ಗಾಣಿಗರ ಶ್ರೇಣಿಗೆ ಸಂದಿತ್ತು. ಗಾಣಿಗನಿಗೂ ಗಂಧಿಕನಿಗೂ ನಂಟುಂಟು. ಹೂವಿನೊಡನೆ ಎಳ್ಳನ್ನು ಪದರ ಪದರವಾಗಿ ಹರಡಿ, ಪರಿಮಳ ಹಿಡಿದ ಎಳ್ಳಿನಿಂದ ಎಣ್ಣೆ ತೆಗೆಯುವುದು ಈ ದೇಶದ ಹಳೆಯ ಕ್ರಮ. ಗಂಧದ ಅಣುಗಳಲ್ಲಿ ಬಹುಪಾಲು ನೀರಿಗಿಂತ ಜಿಡ್ಡಿನಲ್ಲಿ ಸುಲಭವಾಗಿ ಕರಗುತ್ತವೆ ಎಂಬುದು ಇಂದಿನ ರಸಾಯನಶಾಸ್ತ್ರದ ವಿವರಣೆ. ಗಾಣಿಗನಿಗೆ ಆ ವಿವರಣೆ ಇರಲಿಲ್ಲ; ಆದರೆ ಕಾರ್ಯ ತಿಳಿದಿತ್ತು. ಮೂಗಿನ ಗ್ರಾಹಕದ ಒಳಗೂ ಇದೇ ಜಿಡ್ಡಿನ ಒಲವು ಕೆಲಸಮಾಡುತ್ತದೆಂಬುದು ಮುಂದೆ ತಿಳಿದುಬರುವುದು.

3

ಕೈಯಲ್ಲಿದ್ದ ಈ ವಿದ್ಯೆ ಕಾಲಕ್ರಮದಲ್ಲಿ ಗ್ರಂಥಕ್ಕೂ ಇಳಿಯಿತು. 6ನೆಯ ಶತಮಾನದ ವರಾಹಮಿಹಿರನು 'ಬೃಹತ್ಸಂಹಿತೆ'ಯ ಗಂಧಯುಕ್ತಿಯ ಅಧ್ಯಾಯದಲ್ಲಿ 16 ದ್ರವ್ಯಗಳನ್ನು ನಾಲ್ಕು ಸಾಲು, ನಾಲ್ಕು ಮನೆಗಳ ಚೌಕದಲ್ಲಿ ಇರಿಸುತ್ತಾನೆ. 16ರಲ್ಲಿ ಯಾವುದಾದರೂ ನಾಲ್ಕನ್ನು ಆರಿಸುವ ಬಗೆಗಳು 1820. ಪ್ರತಿಯೊಂದು ಆಯ್ಕೆಯಲ್ಲಿಯೂ ಪಾಲುಗಳನ್ನು ಬದಲಿಸುತ್ತ ಹೋದರೆ ಬರುವ ಒಟ್ಟು ಗಂಧಗಳ ಸಂಖ್ಯೆಯನ್ನು ಅವನು 1,74,720 ಎಂದು ಎಣಿಸುತ್ತಾನೆ. ಗಣಿತದ ಇತಿಹಾಸಕಾರರು ಇದನ್ನು ವಿಕಲ್ಪಗಣಿತದ ಪ್ರಾಚೀನ ಉದಾಹರಣೆಯೆಂದು ಮನ್ನಿಸಿದ್ದಾರೆ. ಗಂಧದ ಇತಿಹಾಸದಲ್ಲಿ ಇದರ ಮಹತ್ವ ಬೇರೆ: ಕೆಲವೇ ಮೂಲದ್ರವ್ಯಗಳಿಂದ ಲೆಕ್ಕಕ್ಕೆ ಸಿಗದಷ್ಟು ಗಂಧಗಳು ಹುಟ್ಟುವುದು ಕೂಟದಿಂದಲೇ ಎಂಬ ಅರಿವು ಇಲ್ಲಿದೆ.

ಕನ್ನಡದಲ್ಲಿ ಈ ಶಾಸ್ತ್ರ ಕಾಣಿಸಿಕೊಳ್ಳುವುದು ಸುಮಾರು 1025ರಲ್ಲಿ, ಕಲ್ಯಾಣದ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ. ಜ್ಯೋತಿಷ, ವಾಸ್ತು, ಅಂತರ್ಜಲ, ವೃಕ್ಷಾಯುರ್ವೇದ, ಪಾಕಗಳ ನಡುವೆ ಗಂಧದ ತಯಾರಿಕೆಗೂ ಅಲ್ಲಿ ಎಡೆ ದೊರೆತಿದೆ. ಸಂಸ್ಕೃತದ ಪಂಡಿತನಿಗೆ ಮೀಸಲಾಗಿದ್ದ ವಿಷಯವನ್ನು ಲೋಕದ ಉಪಕಾರಕ್ಕೆಂದು ದೇಶಭಾಷೆಯಲ್ಲಿ ಹೇಳಿದ್ದು ಆ ಗ್ರಂಥದ ಹೆಚ್ಚಳ. ಅದರ ಮುಂದಿನ ಶತಮಾನದಲ್ಲಿ ಅದೇ ವಂಶದ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ'ದಲ್ಲಿ ಸ್ನಾನ, ವಿಲೇಪನ, ಧೂಪಗಳ ಭೋಗವನ್ನು ಅರಸನ ದಿನಚರಿಯ ಅಂಗವಾಗಿ ವರ್ಣಿಸಿದ್ದಾನೆ. ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ ಅತ್ತರುಗಳನ್ನು ಕುರಿತು 'ಇತ್ರ್-ಇ-ನೌರಸ್‌ಶಾಹಿ' ಎಂಬ ಗ್ರಂಥ ಹುಟ್ಟಿತು. ಮತಗಳೂ ಭಾಷೆಗಳೂ ಬದಲಾದರೂ ದಕ್ಷಿಣಾಪಥದಲ್ಲಿ ಗಂಧದ ವಿದ್ಯೆಯ ಎಳೆ ಹರಿಯಲಿಲ್ಲ.

ಗಂಧವನ್ನು ಮಾಡುವ ಬಗೆ ಇದಾಯಿತು. ಗಂಧವನ್ನು ಮೂಗು ಅರಿಯುವ ಬಗೆ ಯಾವುದೆಂಬುದು ದಾರ್ಶನಿಕರ ಪ್ರಶ್ನೆಯಾಗಿತ್ತು. ವೈಶೇಷಿಕರು ಗಂಧವನ್ನು ಪೃಥ್ವಿಯ ವಿಶೇಷಗುಣವೆಂದರು. ಘ್ರಾಣೇಂದ್ರಿಯವೂ ಪಾರ್ಥಿವವಾದುದರಿಂದಲೇ ಅದು ಗಂಧವನ್ನು ಗ್ರಹಿಸಬಲ್ಲದೆಂಬುದು ಅವರ ಸಿದ್ಧಾಂತ. ಜೈನರಲ್ಲಿ ಉಮಾಸ್ವಾತಿಯ 'ತತ್ತ್ವಾರ್ಥಸೂತ್ರ'ವೂ, ಅದಕ್ಕೆ ಪೂಜ್ಯಪಾದರು ಬರೆದ 'ಸರ್ವಾರ್ಥಸಿದ್ಧಿ'ಯೂ ಇಂದ್ರಿಯಗಳಲ್ಲಿ ಒಂದು ಭೇದವನ್ನು ಮಾಡುತ್ತವೆ. ಕಣ್ಣು ಮತ್ತು ಮನಸ್ಸು ವಸ್ತುವನ್ನು ಮುಟ್ಟದೆಯೇ ಅರಿಯುತ್ತವೆ. ಮೂಗು ಮೊದಲಾದ ಉಳಿದವು ಮುಟ್ಟಿಯೇ ಅರಿಯುತ್ತವೆ. ಎಲ್ಲೋರದ ಇಂದ್ರಸಭೆಯಂತಹ ಗುಹೆಗಳಲ್ಲಿ ವಸತಿ ಪಡೆದ ಜೈನ ಪರಂಪರೆಗೆ ಇದು ಅಪರಿಚಿತ ವಿಚಾರವಾಗಿರಲಾರದು. ದೂರದಲ್ಲಿ ಅರಳಿದ ಹೂವಿನ ಕಂಪು ಬರುವಾಗ ಹೂವು ದೂರದಲ್ಲಿಯೇ ಇದ್ದರೂ ಅದರಿಂದ ಬೇರ್ಪಟ್ಟ ಏನೋ ಒಂದು ಮೂಗನ್ನು ಮುಟ್ಟಿರಲೇಬೇಕೆಂಬ ತರ್ಕ ಇದರ ಹಿಂದಿದೆ. ಈ ತರ್ಕ ಸರಿಯಾದುದೇ. ಆದರೆ ಮುಟ್ಟುವ ಆ ವಸ್ತು ಯಾವುದು, ಮುಟ್ಟಿಸಿಕೊಳ್ಳುವ ವಸ್ತು ಯಾವುದು ಎಂಬುದನ್ನು ತರ್ಕವೊಂದೇ ಹೇಳಲಾರದಾಯಿತು.

4

ಇದೇ ಪ್ರಶ್ನೆ ಪಶ್ಚಿಮದಲ್ಲಿಯೂ ಹಳೆಯದು. ಕ್ರಿ. ಪೂ. 1ನೆಯ ಶತಮಾನದ ರೋಮನ್ ಕವಿ ಲುಕ್ರೀಷಿಯಸನು ನುಣುಪಾದ ಕಣಗಳು ಹಿತವನ್ನೂ ಕೊಕ್ಕೆಯುಳ್ಳ ಕಣಗಳು ಅಹಿತವನ್ನೂ ತರುತ್ತವೆಂದು ಊಹಿಸಿದ್ದನು. 1894ರಲ್ಲಿ ಜರ್ಮನಿಯ ಎಮಿಲ್ ಫಿಷರನು ಕಿಣ್ವಗಳ ಕಾರ್ಯವನ್ನು ವಿವರಿಸಲು ಬೀಗ ಮತ್ತು ಬೀಗದಕೈಗಳ ಉಪಮೆಯನ್ನು ತಂದನು. ಜಾನ್ ಅಮೂರ್ ಅದನ್ನು ಗಂಧಕ್ಕೆ ಅನ್ವಯಿಸಿ, 1964ರ ತನ್ನ ಲೇಖನದಲ್ಲಿ ಕರ್ಪೂರ, ಕಸ್ತೂರಿ, ಹೂವು, ಪುದೀನ, ಈಥರು, ಕಟು, ಕೊಳೆತ ಎಂಬ ಏಳು ಮೂಲಗಂಧಗಳನ್ನು ಹೇಳಿದನು. ಅಣುವಿನ ಆಕಾರಕ್ಕೆ ತಕ್ಕ ಕುಳಿ ಮೂಗಿನಲ್ಲಿರಬೇಕೆಂಬುದು ಅವನ ಮತ.

ಆಕಾರದ ವಾದಕ್ಕೆ ಪುಷ್ಟಿ ಕೊಟ್ಟ ನಿದರ್ಶನವೊಂದು ಅಡಿಗೆಮನೆಯಲ್ಲಿಯೇ ಇದೆ. ಸಬ್ಬಸಿಗೆಯ ಬೀಜದಲ್ಲಿರುವ ಕಾರ್ವೋನ್ ಎಂಬ ಅಣುವೂ, ಪುದೀನದ ಜಾತಿಯ ಸ್ಪಿಯರ್‌ಮಿಂಟಿನಲ್ಲಿರುವ ಕಾರ್ವೋನ್ ಅಣುವೂ ಒಂದೇ ಬಗೆಯ ಪರಮಾಣುಗಳಿಂದ, ಒಂದೇ ಕ್ರಮದಲ್ಲಿ ಕಟ್ಟಲ್ಪಟ್ಟಿವೆ. ಅವುಗಳ ಅಂತರ ಬಲಗೈಗೂ ಎಡಗೈಗೂ ಇರುವ ಅಂತರ ಮಾತ್ರ. ಆದರೂ ಗಂಧಗಳು ಬೇರೆ ಬೇರೆ. ಎಡಗೈಯ ಚೀಲಕ್ಕೆ ಬಲಗೈ ಹೊಂದದಂತೆ, ಮೂಗಿನ ಕುಳಿಗಳೂ ಎಡಬಲಗಳನ್ನು ಬಲ್ಲವೆಂದು ಇದರಿಂದ ಸಿದ್ಧವಾಯಿತು. ಆದರೆ ಆ ಬೀಗವನ್ನು ಯಾರೂ ಕಂಡಿರಲಿಲ್ಲ.

ಅದನ್ನು ಹುಡುಕುವ ಕಾರ್ಯದಲ್ಲಿ ಮುಂಬಯಿಯ ಪಾತ್ರವೂ ಇದೆಯೆಂಬುದನ್ನು ಇಲ್ಲಿ ಸ್ಮರಿಸಬೇಕು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಓಬೈದ್ ಸಿದ್ದಿಕಿ ಮತ್ತು ವೆರೋನಿಕಾ ರೋಡ್ರಿಗಸ್ ಅವರು 1970ರ ದಶಕದಲ್ಲಿ ಹಣ್ಣುನೊಣಗಳ ಮೇಲೆ ಪ್ರಯೋಗಗಳನ್ನು ನಡೆಸಿ, ಒಂದು ಬಗೆಯ ಗಂಧಕ್ಕೆ ಮಾತ್ರ ಸ್ಪಂದಿಸದೆ ಉಳಿದವಕ್ಕೆ ಎಂದಿನಂತೆ ಸ್ಪಂದಿಸುವ ನೊಣದ ತಳಿಗಳನ್ನು ಬೇರ್ಪಡಿಸಿದರು. 1978ರಲ್ಲಿ ಇದು ಪ್ರಕಟವಾಯಿತು. ಒಂದು ಗಂಧದ ಅರಿವು ಕೆಟ್ಟು ಇನ್ನೊಂದು ಉಳಿಯಬಲ್ಲುದಾದರೆ, ಅವುಗಳ ದಾರಿಗಳು ಬೇರೆಯಾಗಿರಬೇಕು, ಆ ದಾರಿಗಳು ವಂಶವಾಹಿಗಳ ಅಧೀನವಾಗಿರಬೇಕು. 1990ರಲ್ಲಿ ಅದೇ ಸಂಸ್ಥೆಯ ಗೈತಿ ಹಸನ್ ಅವರು ನೊಣದ ಘ್ರಾಣಕ್ಕೆ ಸಂಬಂಧಿಸಿದ ಒಂದು ವಂಶವಾಹಿಯನ್ನು ಪ್ರತ್ಯೇಕಿಸಿದ ವರದಿ ಬಂದಿತು. ಸಿದ್ದಿಕಿಯವರು ಬೆಂಗಳೂರಿನಲ್ಲಿ ಕಟ್ಟಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಈ ಪರಂಪರೆ ಮುಂದುವರಿಯಿತು.

1991ರಲ್ಲಿ ಅಮೆರಿಕೆಯ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಇಲಿಯ ಮೂಗಿನ ಪೊರೆಯಲ್ಲಿ ಗ್ರಾಹಕಗಳ ವಂಶವಾಹಿಗಳ ಒಂದು ದೊಡ್ಡ ಕುಟುಂಬವನ್ನೇ ಕಂಡುಹಿಡಿದರು. ಅವರಿಗೆ 2004ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇಲಿಗಳಲ್ಲಿ ಇಂತಹ ವಂಶವಾಹಿಗಳು ಸಾವಿರದಷ್ಟು. ಮಾನವನಲ್ಲಿ ಕೆಲಸಮಾಡುವವು ಸುಮಾರು 400. ಪ್ರತಿಯೊಂದು ಗ್ರಾಹಕವೂ ಜೀವಕೋಶದ ಪೊರೆಯನ್ನು ಏಳು ಸಲ ಹಾದು ಹೆಣೆದುಕೊಂಡ ಪ್ರೋಟೀನು. 1999ರಲ್ಲಿ ಬಕ್ ಮತ್ತು ಅವರ ಸಹೋದ್ಯೋಗಿಗಳ ಪ್ರಯೋಗಗಳಿಂದ ಮುಖ್ಯವಾದ ತತ್ತ್ವ ಹೊರಬಿತ್ತು. ಒಂದು ಗ್ರಾಹಕ ಹಲವು ಅಣುಗಳಿಗೆ ಓಗೊಡುತ್ತದೆ; ಒಂದು ಅಣು ಹಲವು ಗ್ರಾಹಕಗಳನ್ನು ಎಬ್ಬಿಸುತ್ತದೆ; ಯಾವ ಯಾವ ಗ್ರಾಹಕಗಳು ಒಟ್ಟಿಗೆ ಎದ್ದವು ಎಂಬ ಕೂಟವೇ ಗಂಧದ ಗುರುತು. ಅಕ್ಷರಗಳು ಕೆಲವಾದರೂ ಅವುಗಳ ಕೂಟದಿಂದ ಪದಗಳು ಅಸಂಖ್ಯವಾಗುವಂತೆ ಇದು. ಆದುದರಿಂದ ಏಳು ಬೀಗಗಳಿಗೆ ಏಳು ಬೀಗದಕೈಗಳೆಂಬ ಅಮೂರನ ಎಣಿಕೆ ನಿಲ್ಲಲಿಲ್ಲ. ಆಕಾರಕ್ಕೆ ಬೆಲೆಯುಂಟೆಂಬ ಅವನ ಮಾತು ಮಾತ್ರ ಉಳಿಯಿತು.

ಬೀಗದ ಒಳಭಾಗವೂ ಇತ್ತೀಚೆಗೆ ಕಣ್ಣಿಗೆ ಬಿದ್ದಿದೆ. 2021ರಲ್ಲಿ ವನೆಸ್ಸಾ ರೂಟಾ ಅವರ ತಂಡವು ಕೀಟವೊಂದರ ಗ್ರಾಹಕವನ್ನು, ಲವಂಗದ ಗಂಧಸಾರವಾದ ಯೂಜಿನಾಲ್ ಅದರೊಳಗೆ ಕುಳಿತಿರುವ ಸ್ಥಿತಿಯಲ್ಲಿಯೇ, ಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಚಿತ್ರಿಸಿತು. ಆ ಕುಳಿಯ ಗೋಡೆಗಳು ಬಹುಮಟ್ಟಿಗೆ ಜಿಡ್ಡಿನ ಸ್ವಭಾವದವು. ಅಣುವನ್ನು ಅವು ಬಿಗಿಯಾಗಿ ಕಚ್ಚಿ ಹಿಡಿಯುವುದಿಲ್ಲ. ಸಡಿಲವಾಗಿ ಒಳಕ್ಕೆ ಕರೆದುಕೊಳ್ಳುತ್ತವೆ. ಆದಕಾರಣವೇ ಬಗೆಬಗೆಯ ಅಣುಗಳಿಗೆ ಅಲ್ಲಿ ಎಡೆಯಿದೆ. 2023ರಲ್ಲಿ ಮಾನವನ ಗ್ರಾಹಕವೊಂದರ ರಚನೆಯೂ ತಿಳಿದುಬಂದಿತು. ಅಲ್ಲಿ ಪ್ರೊಪಿಯೊನೇಟ್ ಎಂಬ ಚಿಕ್ಕ ಅಣು ಇಕ್ಕಟ್ಟಾದ ಕುಳಿಯಲ್ಲಿ, ವಿರುದ್ಧ ವಿದ್ಯುದಂಶದ ಆಕರ್ಷಣೆಯಿಂದ, ಒಂದು ನಿಶ್ಚಿತ ಸ್ಥಾನದಲ್ಲಿಯೇ ನೆಲೆಸಿದೆ. ಒಂದು ಛತ್ರದ ಬಾಗಿಲಿನಂತೆ, ಇನ್ನೊಂದು ಖಜಾನೆಯ ಬಾಗಿಲಿನಂತೆ. ಪ್ರಕೃತಿ ಎರಡು ಬಗೆಗಳನ್ನೂ ಬಳಸಿಕೊಂಡಿದೆ.

5

ಈ ಜ್ಞಾನದಿಂದ ಪ್ರಯೋಜನವೇನೆಂದು ಕೇಳುವವರು ನಾಸಿಕ ಜಿಲ್ಲೆಯ ಲಾಸಲಗಾಂವದ ಸುತ್ತಲಿನ ಹಳ್ಳಿಗಳನ್ನು ನೋಡಬೇಕು. ಬೇಸಗೆಯ ಆರಂಭದಲ್ಲಿ ಕಿತ್ತ ಈರುಳ್ಳಿಯನ್ನು ರೈತರು ಬಿದಿರು, ಮರದ ಪಟ್ಟಿಗಳಿಂದ ಗಾಳಿಯಾಡುವಂತೆ ಕಟ್ಟಿದ 'ಕಾಂದಾ ಚಾಳ'ಗಳಲ್ಲಿ ಮಳೆಗಾಲವಿಡೀ ಕೂಡಿಡುತ್ತಾರೆ. ತೂಕದ ಇಳಿವು, ಮೊಳಕೆ, ಕೊಳೆತಗಳಿಂದ ದಾಸ್ತಾನಿನ ಮೂರನೆಯ ಒಂದು ಪಾಲು ಅಥವಾ ಅದಕ್ಕೂ ಮಿಗಿಲು ಹಾಳಾಗುವುದೆಂದು ಸಾಮಾನ್ಯ ಅಂದಾಜು. ಮೊಳಕೆಯನ್ನು ತಡೆಯಲು ಭಾಭಾ ಅಣು ಸಂಶೋಧನಾ ಕೇಂದ್ರವು 2002ರಲ್ಲಿ ಲಾಸಲಗಾಂವದಲ್ಲಿ ವಿಕಿರಣ ಕೇಂದ್ರವನ್ನು ತೆರೆಯಿತು. ಕೊಳೆತದ ಮಾತು ಬೇರೆ. ಕಪ್ಪು ಬೂಷ್ಟು, ಬ್ಯಾಕ್ಟೀರಿಯಗಳು ರಾಶಿಯ ನಡುವೆ ಒಂದು ಗಡ್ಡೆಯನ್ನು ಹಿಡಿದರೆ ಪಕ್ಕದ ಗಡ್ಡೆಗೂ ಹಬ್ಬುತ್ತವೆ. ದುರ್ಗಂಧ ಹೊರಗೆ ನಿಂತವನ ಮೂಗಿಗೆ ಬರುವ ಹೊತ್ತಿಗೆ ಒಳಗೆ ಕ್ವಿಂಟಲುಗಟ್ಟಲೆ ಮಾಲು ಕೈಬಿಟ್ಟಿರುತ್ತದೆ. ಬೆಳೆಗೆಂದು ಸಾಲ ತೆಗೆದವನಿಗೆ, ಬೆಲೆ ಏರುವವರೆಗೆ ಕಾಯಬೇಕೆಂದಿದ್ದವನಿಗೆ, ಆ ವಾಸನೆ ವರ್ಷದ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ.

ಮೂಗಿಗಿಂತ ಮೊದಲು ಅರಿಯುವ ಉಪಕರಣ ಸಾಧ್ಯವೇ? 1962ರಲ್ಲಿ ಲೆಲಂಡ್ ಕ್ಲಾರ್ಕ್ ಕಿಣ್ವವನ್ನು ವಿದ್ಯುದಗ್ರಕ್ಕೆ ಜೋಡಿಸಿ ಗ್ಲೂಕೋಸನ್ನು ಅಳೆಯುವ ಮಾರ್ಗವನ್ನು ತೋರಿಸಿದಂದಿನಿಂದ ಜೈವಿಕ ಸಂವೇದಕಗಳ ಇತಿಹಾಸ ಮೊದಲಾಗುತ್ತದೆ. 1982ರಲ್ಲಿ ಕೃಷ್ಣ ಪರ್ಸಾದ್ ಮತ್ತು ಜಾರ್ಜ್ ಡಾಡ್ ಹಲವು ಅನಿಲ ಸಂವೇದಕಗಳನ್ನು ಒಟ್ಟಿಗೆ ಇಟ್ಟು, ಅವುಗಳ ಉತ್ತರಗಳ ಕೂಟದಿಂದ ಗಂಧವನ್ನು ಗುರುತಿಸುವ ಕೃತಕ ಮೂಗನ್ನು ವಿವರಿಸಿದರು. ನಮ್ಮ ದೇಶದಲ್ಲಿ ಕೋಲ್ಕತ್ತದ ಸಿ-ಡ್ಯಾಕ್ ಮತ್ತು ಜಾದವಪುರ ವಿಶ್ವವಿದ್ಯಾಲಯದ ವಿಜ್ಞಾನಿಗಳು ಚಹದ ಗುಣವನ್ನು ಪರೀಕ್ಷಿಸಲು ಈ ಮಾರ್ಗವನ್ನು ಅನುಸರಿಸಿದರು. ಛತ್ರಪತಿ ಸಂಭಾಜಿನಗರದಲ್ಲಿ, 1958ರಲ್ಲಿ ಸ್ಥಾಪಿತವಾದ ಮರಾಠವಾಡಾ ವಿಶ್ವವಿದ್ಯಾಲಯದ, ಇಂದು ಡಾ. ಬಾಬಾಸಾಹೇಬ ಅಂಬೇಡ್ಕರರ ಹೆಸರನ್ನು ಹೊತ್ತಿರುವ ಸಂಸ್ಥೆಯ, ಭೌತಶಾಸ್ತ್ರ ವಿಭಾಗದಲ್ಲಿ ವಿದ್ಯುತ್ತನ್ನು ಹರಿಯಗೊಡುವ ಪಾಲಿಮರುಗಳಿಂದ ಅನಿಲಗಳನ್ನು ಗುರುತಿಸುವ ಸಂಶೋಧನೆ ನಡೆದಿದೆ. ನಾಸಿಕ ಜಿಲ್ಲೆಯ ಚಾಳಗಳಲ್ಲಿಯೂ ತೇವ, ಉಷ್ಣ, ಅನಿಲಗಳ ಸಂವೇದಕಗಳನ್ನು ಇಟ್ಟು ನೋಡುವ ಪ್ರಯತ್ನಗಳು ಆರಂಭವಾಗಿವೆ.

ಇವೆಲ್ಲ ಲೋಹ, ಪಾಲಿಮರುಗಳ ಮೂಗುಗಳು. ಜೀವದ ಗ್ರಾಹಕವನ್ನೇ ಬಳಸುವುದು ಮುಂದಿನ ಹೆಜ್ಜೆ. 2009ರಲ್ಲಿ ಕೊರಿಯದ ವಿಜ್ಞಾನಿಗಳು ಮಾನವನ ಗ್ರಾಹಕವೊಂದನ್ನು ಇಂಗಾಲದ ಅತಿಸೂಕ್ಷ್ಮ ನಳಿಕೆಗಳ ಮೇಲೆ ನೆಲೆಗೊಳಿಸಿ, ಒಂದೇ ಒಂದು ಇಂಗಾಲದ ಪರಮಾಣುವಿನಷ್ಟು ಅಂತರವಿರುವ ಅಣುಗಳನ್ನೂ ವಿದ್ಯುತ್ತಿನ ಏರಿಳಿತದಿಂದ ಬೇರ್ಪಡಿಸಿ ತೋರಿಸಿದರು. 2017ರಲ್ಲಿ ಜರ್ಮನಿಯ ಫ್ರೈಸಿಂಗಿನ ಸಂಶೋಧಕರು ಪ್ರಕಟಿಸಿದ ಫಲಿತಾಂಶವಂತೂ ನಾಸಿಕದವರಿಗೆ ಇನ್ನಷ್ಟು ಹತ್ತಿರವಾದುದು. ಈರುಳ್ಳಿಯ ಪ್ರಧಾನ ಗಂಧಗಳಲ್ಲೊಂದಾದ ಗಂಧಕಯುಕ್ತ ಅಣುವನ್ನು ಮಾನವನ ಗ್ರಾಹಕಗಳ ಮುಂದೆ ಒಂದೊಂದಾಗಿ ಹಿಡಿದಾಗ, 'ಓಆರ್2ಎಂ3' ಎಂಬ ಒಂದು ಗ್ರಾಹಕ ಅದಕ್ಕೆ ಓಗೊಟ್ಟಿತು. ಆಹಾರದ ಸುಮಾರು 190 ಪ್ರಧಾನ ಗಂಧಗಳನ್ನು ಆ ಗ್ರಾಹಕದ ಮುಂದೆ ಹಿಡಿದಾಗ ಈರುಳ್ಳಿಯ ಈ ಅಣುವಿಗೇ ಅದು ಮುಖ್ಯವಾಗಿ ಮಣಿಯಿತು. ಛತ್ರದ ಬಾಗಿಲುಗಳ ನಡುವೆ ಖಜಾನೆಯ ಬಾಗಿಲುಗಳೂ ಇವೆಯೆಂಬುದಕ್ಕೆ ಇದು ಮತ್ತೊಂದು ಸಾಕ್ಷಿ.

ಆದರೆ ಈ ಅಣುವು ಹೆಚ್ಚಿದ ಅಥವಾ ಬೇಯಿಸಿದ ಈರುಳ್ಳಿಯ ಗಂಧವೇ ಹೊರತು ಕೊಳೆತದ ಸೂಚಕವಲ್ಲ. ಕೊಳೆಯುವ ಗಡ್ಡೆ ಹೊರಬಿಡುವ ಅಣುಗಳು ಹಲವು, ಅವುಗಳ ಪ್ರಮಾಣ ದಿನದಿನಕ್ಕೆ ಬದಲಾಗುವುದು. ಮೇಲಾಗಿ ಗ್ರಾಹಕದ ಪ್ರೋಟೀನು ಜೀವಕೋಶದ ಪೊರೆಯಲ್ಲಿ ಬಾಳುವಂತಹುದು. ಹೊರಗೆ ತೆಗೆದರೆ ತನ್ನ ಆಕಾರವನ್ನು ಕಳೆದುಕೊಳ್ಳುತ್ತದೆ. ಪ್ರಯೋಗಶಾಲೆಯ ಗಾಜಿನಲ್ಲಿ ಕೆಲಸಮಾಡಿದ್ದು ಶ್ರಾವಣದ ತೇವದಲ್ಲಿ, ಧೂಳು ತುಂಬಿದ ಚಾಳದಲ್ಲಿ, ತಿಂಗಳುಗಟ್ಟಲೆ ಕೆಲಸಮಾಡಬೇಕು; ಅದರ ಬೆಲೆಯೂ ರೈತನ ಕೈಗೆ ನಿಲುಕಬೇಕು. ಗ್ರಾಹಕದ ಒಂದೇ ಒಂದು ಅಮೈನೋ ಆಮ್ಲವನ್ನು ಬದಲಿಸಿ ಅದರ ಒಲವನ್ನು ತಿದ್ದಬಹುದೆಂದು 2021ರ ಪ್ರಯೋಗಗಳು ತೋರಿಸಿರುವುದು ಆಶಾದಾಯಕ. ಆದರೆ ಆಶೆ ಬೇರೆ, ಸಿದ್ಧಿ ಬೇರೆ.

6

ಮೊದಲಿನ ಪ್ರಶ್ನೆಗೆ ಈಗ ಹಿಂದಿರುಗಬಹುದು. ವರಾಹಮಿಹಿರನ 1820 ಕೂಟಗಳಿಗೂ, 1999ರಲ್ಲಿ ತಿಳಿದ ಗ್ರಾಹಕಗಳ ಕೂಟಕ್ಕೂ ಹೋಲಿಕೆಯಿದೆ. ಆದರೆ ಅವು ಒಂದೇ ಅಲ್ಲ. ಮೊದಲನೆಯದು ಗಂಧವನ್ನು ಮಾಡುವವನ ಕೈಯಲ್ಲಿರುವ ಕೂಟ; ಎರಡನೆಯದು ಅದನ್ನು ಅರಿಯುವವನ ಮೂಗಿನಲ್ಲಿರುವ ಕೂಟ. ಕೈಯ ಕೂಟವನ್ನು ಎಣಿಸಿದವನಿಗೆ ಮೂಗಿನ ಕೂಟ ಹೊಳೆದಿತ್ತೆಂದು ಹೇಳಲು ಆಧಾರವಿಲ್ಲ. ಹಾಗೆಯೇ ಗಂಧಜ್ಞಾನ ಸ್ಪರ್ಶದಿಂದಲೇ ಎಂಬ ಜೈನರ ನಿರ್ಣಯ ದಿಕ್ಕಿನಲ್ಲಿ ಸರಿ. ಸಮಾನದಿಂದ ಸಮಾನದ ಅರಿವು ಎಂಬ ವೈಶೇಷಿಕರ ನಿರ್ಣಯ ನಿಲ್ಲುವುದಿಲ್ಲ. ಗ್ರಾಹಕಕ್ಕೂ ಅಣುವಿಗೂ ಬೇಕಾದುದು ಸಾಜಾತ್ಯವಲ್ಲ, ಹೊಂದಿಕೆ. ಈ ಅಂತರವನ್ನು ಒಪ್ಪಿಕೊಂಡರೆ ಪ್ರಾಚೀನರ ಗೌರವಕ್ಕೆ ಕುಂದೇನೂ ಬಾರದು. ಅವರು ಮಾಡದುದನ್ನು ಅವರ ಹೆಸರಿಗೆ ಬರೆದರೆ, ಮಾಡಿದುದರ ಬೆಲೆಯೂ ಸಂಶಯಕ್ಕೆ ಈಡಾಗುತ್ತದೆ. ಜಮೆಯಾಗದ ಹಣವನ್ನು ಖಾತೆಯಲ್ಲಿ ತೋರಿಸಿದರೆ ನಿಜವಾದ ಜಮೆಯನ್ನೂ ಯಾರೂ ನಂಬರು.

ಇನ್ನೊಂದು ವಿಚಾರವೂ ಇದೆ. ಪ್ರತಿಷ್ಠಾನದ ಮಿತದೇವನ ಕುಲ ಯಾವ ದ್ರವ್ಯಗಳನ್ನು ಎಷ್ಟು ಪಾಲು ಕೂಡಿಸುತ್ತಿತ್ತು, ಒಳ್ಳೆಯ ಸರಕನ್ನು ಕೆಟ್ಟ ಸರಕಿನಿಂದ ಹೇಗೆ ಬೇರ್ಪಡಿಸುತ್ತಿತ್ತು ಎಂಬುದನ್ನು ಪಿತಳಖೋರೆಯ ಆ ಲೇಖ ಹೇಳುವುದಿಲ್ಲ. ಅವನು ಕೊಟ್ಟ ಕಂಬದ ಮೇಲೆ ಹೆಸರು ನಿಂತಿತು, ವಿದ್ಯೆ ಮೂಗಿನೊಡನೆಯೇ ಹೋಯಿತು. ಚಾವುಂಡರಾಯನು ಬರೆದಿಟ್ಟುದು ಮಾತ್ರ ಸಾವಿರ ವರ್ಷಗಳ ಅನಂತರವೂ ಓದುವವರಿಗೆ ದೊರೆಯುತ್ತಿದೆ. ಇಂದು ಚಾಳದ ಬಳಿ ನಿಂತು, ಗಾಳಿಯನ್ನು ಒಮ್ಮೆ ಮೂಸಿ, ಯಾವ ಮೂಲೆಯಲ್ಲಿ ಕೊಳೆತ ಆರಂಭವಾಗಿದೆಯೆಂದು ಹೇಳಬಲ್ಲ ವೃದ್ಧ ರೈತರ ಅನುಭವವೂ ಅದೇ ಅಪಾಯದಲ್ಲಿದೆ. ಸಂವೇದಕಕ್ಕೆ ಯಾವ ಗಂಧವನ್ನು ಕಲಿಸಬೇಕೆಂದು ತೀರ್ಮಾನಿಸುವಾಗ ಮೊದಲು ಕೇಳಬೇಕಾದುದು ಅಂತಹವರನ್ನು. ಅವರ ಮೂಗು ಬಲ್ಲುದನ್ನು ಅವರ ಭಾಷೆಯಲ್ಲಿಯೇ ಬರೆದಿಡುವುದು, ಪ್ರಯೋಗಶಾಲೆಗೆ ತಿಳಿದುದನ್ನು ಅವರ ಭಾಷೆಗೆ ತರುವುದು, ಈ ಎರಡೂ ಒಂದೇ ಕೆಲಸದ ಎರಡು ಮುಖಗಳು. ಗೋದಾವರಿಯ ದಂಡೆಯಲ್ಲಿ ಆ ಕೆಲಸ ಮರಾಠಿಯಲ್ಲಿ ಆಗಬೇಕು. ಗೋದಾವರಿಯನ್ನು ತನ್ನ ಮೇರೆಯೆಂದು ಹೇಳಿಕೊಂಡ ಭಾಷೆಯಲ್ಲಿಯೂ ಅದು ಆಗಬೇಕಾಗಿದೆ.